ತಟ್ಟೆಗೆ ಹತ್ತಿದ ಮಸಿ

ಕುಮಟೆ, ಬುಧವಾರ ಮಧ್ಯಾಹ್ನ
ಫೆಬ್ರುವರಿ ೧೯೬೨

ನಾಗಜ್ಜೀ,

ಬಾಣಂತಿಯನ್ನೂ ಮಗುವನ್ನೂ ಮೀಯಿಸಲು ಬರುವ ನೀನು ನಮ್ಮ ಮನೆಯಲ್ಲಿ ಎಲ್ಲರಿಗೂ ಬರೀ ನಾಗು. ನನಗೂ ಅಷ್ಟೇ ಆಗಿದ್ದೆ. ಇವತ್ತು ಅಜ್ಜಿ ಎಂದು ಬರೆಯುತ್ತಿದ್ದೇನೆ, ಬೈಯುವ ಹಕ್ಕು ನಿನಗಿರಲಿ ಎಂದು. ಇದನ್ನು ನಿನ್ನ ಮಗಳು ಮಾದೇವಿ ಓದಿ ಹೇಳುತ್ತಾಳೆ. ಮಾದೇವೀ, ಒಂದು ಸಾಲನ್ನೂ ನುಂಗಬೇಡ.

ನರ್ಮದಕ್ಕನ ಮಗುವಿನ ಎಡಗಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ನಾಳೆ ಬೆಳಿಗ್ಗೆ ಬಿಚ್ಚುತ್ತಾರಂತೆ. ಕಣ್ಣು ಉಳಿಯಿತೋ ಇಲ್ಲವೋ ಆಗಲೇ ಹೇಳಬೇಕು ಎಂದರು ಡಾಕ್ಟರು. ಅಕ್ಕ ಒಳಗೆ ಮಗುವಿನ ಎರಡೂ ಕೈ ಹಿಡಿದು ಕೂತಿದ್ದಾಳೆ, ಪಟ್ಟಿ ಕಿತ್ತುಕೊಳ್ಳಬಾರದೆಂದು. ನಾನು ಆಸ್ಪತ್ರೆಯ ಜಗುಲಿಯಲ್ಲಿದ್ದೇನೆ.

ನೀನು ಕಾಡಿಗೆ ಹಿಡಿಯುತ್ತಿದ್ದುದು ನೆನಪಾಗುತ್ತಿದೆ. ಹರಳೆಣ್ಣೆಯ ದೀಪ, ಹತ್ತಿಯ ಬತ್ತಿ, ಮೇಲೆ ಬೋರಲು ಹಾಕಿದ ತಾಮ್ರದ ತಟ್ಟೆ. ಒಂದು ಚಿಟಿಕೆ ಮಸಿಗೆ ಮೂರು ದಿನ! ನಾನು ನಗುತ್ತಿದ್ದೆ. "ಎಂತಕ್ಕೆ ಗಡಿಬಿಡಿ ತಂಗೀ? ದೀಪ ಅದ್ರ ಪಾಡಿಗೆ ಉರೀಲಿ" ಎನ್ನುತ್ತಿದ್ದೆ ನೀನು.

ಹೈಸ್ಕೂಲಿನಲ್ಲಿ ಮಾಬ್ಲೇಶ್ವರ ಮಾಸ್ತರು ಒಂದು ಪ್ರಯೋಗ ಮಾಡಿ ತೋರಿಸಿದ್ದರು. ತಣ್ಣಗಿನ ಪಿಂಗಾಣಿ ಚೂರನ್ನು ಬತ್ತಿಯ ಬುಡದ ನೀಲಿಯಲ್ಲಿ ಹಿಡಿದರೆ ಮಸಿಯಿಲ್ಲ. ನಡುವಿನ ಹಳದಿಯಲ್ಲಿ ಹಿಡಿದರೆ ಕ್ಷಣದಲ್ಲಿ ಕರಿ. ಎಣ್ಣೆಯ ಆವಿಗೆ ಅಲ್ಲಿ ಸಾಕಷ್ಟು ಗಾಳಿ ಸಿಗುವುದಿಲ್ಲ, ಪೂರಾ ಉರಿಯಲಾಗದೆ ಕಣ್ಣಿಗೆ ಕಾಣದಷ್ಟು ಸಣ್ಣ ಮಸಿಯ ಕಣಗಳಾಗುತ್ತದೆ. ಅವು ಕಾದು ಹೊಳೆಯುವುದನ್ನೇ ನಾವು ಬೆಳಕು ಎನ್ನುತ್ತೇವೆ. ತುದಿಯಲ್ಲಿ ಗಾಳಿ ಸಿಕ್ಕರೆ ಅಲ್ಲೇ ಉರಿದುಹೋಗುತ್ತವೆ, ಸಿಗದಿದ್ದರೆ ಹೊಗೆ. ನನಗೆ ರೋಮಾಂಚನವಾಗಿತ್ತು ಅಜ್ಜಿ, ಬೆಳಕಿನ ಹೊಟ್ಟೆಯಲ್ಲೇ ಮಸಿ! ಅಂದಿನಿಂದ ನೀನು ದಡ್ಡಿ, ನಾನು ಜಾಣೆ.

ಹೋದ ಗುರುವಾರ ನನ್ನ ಕಣ್ಣಿಗೆ ಹಚ್ಚಿಕೊಳ್ಳಲು ಮಗುವಿಗೆಂದು ನೀನು ನಮ್ಮಲ್ಲಿಟ್ಟಿದ್ದ ಕಾಡಿಗೆಯ ಕರಡಿಗೆ ಎತ್ತಿದೆ. ಕೈಜಾರಿ ಕಾಡಿಗೆಯೆಲ್ಲ ಒಲೆಯ ಬೂದಿಗೆ ಬಿತ್ತು. ಬೆಳಗಾದರೆ ಮಗುವಿನ ತೊಟ್ಟಿಲ ಶಾಸ್ತ್ರ. ಚಿಮಣಿ ಎಣ್ಣೆಯ, ಅದೇ ಸೀಮೆಎಣ್ಣೆಯ, ಬುಡ್ಡಿಯ ಬತ್ತಿ ಏರಿಸಿ, ಹಳದಿಯ ನಡುವಿಗೇ ತಟ್ಟೆ ಹಿಡಿದೆ. ನಿನ್ನ ಮೂರು ದಿನದ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ಮಸಿ ಮಸಿಯೇ, ಯಾವ ಎಣ್ಣೆಯದಾದರೇನು ಎಂದುಕೊಂಡೆ. ತುಂಬಿದ ಕೊಡ ತುಳುಕುವುದಿಲ್ಲವಂತೆ, ನನ್ನದು ಅರ್ಧ ಕೊಡ. ವಾಸನೆ ಅಡಗಲೆಂದು ಕರ್ಪೂರ ಪುಡಿಮಾಡಿ ಬೆಣ್ಣೆಯಲ್ಲಿ ಕಲಸಿ, ನಿನ್ನ ಕರಡಿಗೆಗೇ ತುಂಬಿಟ್ಟೆ.

ಬೆಳಿಗ್ಗೆ ಮಗುವನ್ನು ಮೀಯಿಸಿ ಬಂದು ನೀನು ಅದನ್ನು ಮೂಸಿದೆ. "ಕರ್ಪೂರ ಹಾಕ್ದೋರು ಯಾರು?" ಎಂದು ಕೇಳಿದೆ. ತಂಪಿಗೆಂದು ನಾನೇ ಒಂದು ಚೂರು ಹಾಕಿದೆ ಎಂದೆ. ಓದುವ ಹುಡುಗಿಯ ಮಾತೆಂದು ನೀನು ನಂಬಿದೆ. ಮೊದಲು ಎಡಗಣ್ಣಿಗೆ ಹಚ್ಚಿದೆ. ಮಗು ಚೀರಿದ ರೀತಿಗೆ ನಿನ್ನ ಕೈ ನಿಂತಿತು. ಬಲಗಣ್ಣು ಉಳಿದದ್ದು ಹಾಗೆ.

ಸಂಜೆಗೆ ರೆಪ್ಪೆ ಊದಿತ್ತು. ನನ್ನ ಹೆತ್ತ ಆಯಿ ಅಂದಿದ್ದು ನೀನೂ ಕೇಳಿದೆ: "ಅದ್ರ ಕಾಡಿಗೆಯಿಂದ್ಲೇ ಹಿಂಗಾತು. ಇನ್ನು ಅದ್ರ ಅಂಗಳ ಹತ್ತಸಡಿ." ನೀನು ನಮ್ಮ ಅಂಗಳಕ್ಕೂ ಕಾಲಿಡಬಾರದೆಂದಾಯಿತು. ನಿನ್ನ ಬೆರಳನ್ನೇ ನೋಡುತ್ತ ನೀನು ಇಳಿದುಹೋದೆ. ನಾನು ಕಂಬದ ಮರೆಯಲ್ಲಿದ್ದೆ. ಈಗ ನಮ್ಮೂರು ಕಾಯ್ಕಿಣಿಯಲ್ಲಿ ಯಾರೂ ನಿನ್ನನ್ನು ಬಾಣಂತಿ ಮನೆಗೆ ಕರೆಯುತ್ತಿಲ್ಲವಂತೆ. ನೀನೂ ಅದು ನಿನ್ನದೇ ಕೈಯ ಪಾಪ ಎನ್ನುತ್ತಿದ್ದೀಯಂತೆ. ಅಲ್ಲ ಅಜ್ಜಿ. ನಿನ್ನದಲ್ಲ.

ಏನು ಹಚ್ಚಿದಿರಿ ಎಂದು ಡಾಕ್ಟರು ಕೇಳಿದಾಗ ಆಯಿ, ಹರಳೆಣ್ಣೆ ಕಾಡಿಗೆ ಎಂದಳು. ನಾನು ಆಗಲೂ ಬಾಯಿಬಿಡಲಿಲ್ಲ. ಹೆದರಿದೆ, ಬೇರೆ ಕಾರಣ ಏನೂ ಇಲ್ಲ.

ನಾಳೆ ಮಗು ಕಣ್ಣು ಬಿಟ್ಟರೆ ಎಲ್ಲರೂ ಮರೆಯುತ್ತಾರೆ, ನಾನೂ ಸುಮ್ಮನಾಗಿಬಿಡುತ್ತೇನೆ. ಬಿಡದಿದ್ದರೆ ಹೇಳುವ ಧೈರ್ಯ ಬರುವುದಿಲ್ಲ. ನನ್ನನ್ನು ನಾನು ಬಲ್ಲೆ. ಅದಕ್ಕೇ ಪಟ್ಟಿ ಬಿಚ್ಚುವ ಮೊದಲೇ ಇದನ್ನು ಟಪಾಲಿಗೆ ಹಾಕುತ್ತೇನೆ. ಆಮೇಲೆ ನುಂಗಲು ಬರುವುದಿಲ್ಲವಲ್ಲ. ಅಲ್ಲಿಂದ ನೇರ ಡಾಕ್ಟರ ಹತ್ತಿರ, ಆಮೇಲೆ ಆಯಿಯ ಹತ್ತಿರ.

ಮಾದೇವೀ, ಈಗ ಮನೆಯೊಳಗಿಂದ ಹೊರಗೆ ಬಾ. ಕೇರಿಯವರನ್ನೆಲ್ಲ ಕರೆ. ಮೊದಲಿನಿಂದ ಇನ್ನೊಮ್ಮೆ ಓದು, ಗಟ್ಟಿಯಾಗಿ.

ಮಗುವಿಗೆ ನಿನ್ನ ಹರಕೆ ಇರಲಿ ಅಜ್ಜಿ. ನನಗೆ ಸದ್ಯಕ್ಕೆ ಬೈಗುಳ ಸಾಕು.

ನಿನ್ನ ಕರಡಿಗೆ ಕದ್ದವಳು,
ಶ್ರೀಮತಿ