ಧಾರವಾಡದ ಹುಡುಗಿಗೆ ಒಂದು ಆನೆ

ಫೆಬ್ರವರಿ ೧೧, ಬುಧವಾರ

ಚನ್ನಪಟ್ಟಣದ ನಮ್ಮ ಬೊಂಬೆ ವ್ಯಾಪಾರವನ್ನೆಲ್ಲ ನಾನು ಆನ್‌ಲೈನಿಗೆ ತಂದ ಮೇಲೆ, ಬೊಂಬೆ ಮಾಡುವ ಮಾವ ಮಂಕಾಗಿದ್ದರು. "ಯಾರ್ಗೆ ಮಾಡ್ತಿವ್ನಿ ಅಂತ ಗೊತ್ತಾಗ್ದೆ ಕೈಯೇ ಓಡಾಕಿಲ್ಲ ಕಣವ್ವ" ಅನ್ನುತ್ತಿದ್ದರು.

ಇವತ್ತು ಧಾರವಾಡದಿಂದ ಒಂದು ಆನೆಗೆ ಆರ್ಡರ್ ಬಂತು. ಜೊತೆಗೆ ತಾಯಿಯೊಬ್ಬಳ ಕೋರಿಕೆ: ಮಗಳಿಗೆ ಕಣ್ಣು ಕಾಣುವುದಿಲ್ಲ, ಮುಟ್ಟಿದರೆ ಆನೆಯೆಂದು ತಿಳಿಯುವಂತಿರಲಿ. ಬೊಂಬೆಯ ಆಕಾರ ಬದಲಾಯಿಸಲು ಕೇಳಿದ್ದಕ್ಕೆ ನಮ್ಮ ಸಾಫ್ಟ್‌ವೇರ್ ತಾನಾಗಿಯೇ ಆರ್ಡರ್ ರದ್ದು ಮಾಡಿತ್ತು. ನನಗೆ ತಡೆಯಲಾಗಲಿಲ್ಲ. ಆ ತಾಯಿಗೆ ಫೋನ್ ಮಾಡಿ ಮಾವನ ಕೈಗೆ ಕೊಟ್ಟೆ.

"ಒಸಿ ಮಗೀಗೆ ಕೊಡವ್ವ" ಅಂದರು ಮಾವ. ಆಮೇಲೆ ಆ ಹುಡುಗಿಗೆ ಆನೆಯ ಸೊಂಡಿಲು, ಕಿವಿ ಹೇಗಿರುತ್ತವೆಂದು ಹೇಳುತ್ತಾ ಕೂತುಬಿಟ್ಟರು.

ಸಂಜೆ ಕಾರ್ಖಾನೆಗೆ ಹೋದಾಗ, ಮಾವ ಕಣ್ಣು ಮುಚ್ಚಿಕೊಂಡು ಹೊಸ ಆನೆಯ ಕಿವಿ ಸವರಿ ನೋಡುತ್ತಿದ್ದರು. ಮಾತಾಡಿಸಲು ಮನಸ್ಸು ಬಾರದೆ ಬಾಗಿಲಲ್ಲೇ ನಿಂತಿದ್ದೆ.