ಕೆಂಪು ಎಚ್ಚರಿಕೆ ನಿಂತ ವಾರ್ಡು

ಅವ್ವಾ,

ಆಸ್ಪತ್ರೆಯಿಂದ ಹೇಸ್‌ನ ನಮ್ಮ ಮನೆಗೆ ಹೋಗುವ ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ತೀರಿಹೋದ ಮೇಲೂ ದಿನದ ಸುದ್ದಿ ಹೇಳಬೇಕೆನಿಸುವುದು ನಿನಗೇ.

ಒಂದಕ್ಕೊಂದು ಆಗಿಬರದ ಔಷಧಿಗಳನ್ನು ಡಾಕ್ಟರು ಬರೆದರೆ ನಮ್ಮ ಆಸ್ಪತ್ರೆಯ ಕಂಪ್ಯೂಟರು ಕೆಂಪು ಎಚ್ಚರಿಕೆ ತೋರಿಸುತ್ತದೆ. ಅದು ವಿಪರೀತವಾಗಿ, ಯಾರೂ ಓದದೆ ಒತ್ತಿ ಮುಂದೆ ಹೋಗುತ್ತಿದ್ದರು. ಯಾವುದನ್ನು ತೆಗೆಯಬಹುದು ಎಂದು ಆರಿಸುವುದೇ ಫಾರ್ಮಸಿ ಮುಖ್ಯಸ್ಥರಾಗುವವರ ತರಬೇತಿಯಲ್ಲಿ ನನಗೆ ಕೊಟ್ಟ ಕೆಲಸ. ನೀನು ನುಂಗುತ್ತಿದ್ದ, ರಕ್ತ ತೆಳುಮಾಡುವ ಗುಳಿಗೆಯ ಎಚ್ಚರಿಕೆಯನ್ನು ನಾನು ಮುಟ್ಟಲಿಲ್ಲ. ಬೇರೆಯವರ ಅವ್ವಂದಿರು ಏನೇನು ನುಂಗುತ್ತಾರೋ ನನಗೆ ಗೊತ್ತಿಲ್ಲ.

ನಾನು ಆರಿಸಿದ ಎಚ್ಚರಿಕೆಗಳನ್ನು ತೆಗೆದು ನೋಡುವುದು ಇವತ್ತು ಒಂದು ವಾರ್ಡಿನಲ್ಲಿ ಶುರುವಾಯಿತು. "ನೋಡು, ಒಬ್ಬರೂ ಗೊಣಗ್ತಿಲ್ಲ. ಸೋಮವಾರದಿಂದ ಎಲ್ಲಾ ವಾರ್ಡಿಗೂ ಹಾಕೋಣ," ಎಂದರು ನಮ್ಮ ಮುಖ್ಯಸ್ಥೆ ಹೆಲೆನ್. ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಒಬ್ಬಳೇ ಆ ವಾರ್ಡಿಗೆ ಹೋದೆ. ಕಿರಿಯ ಡಾಕ್ಟರೊಬ್ಬ ಎಲ್ಲೂ ತಡೆಯದೆ ಔಷಧಿ ಬರೆಯುತ್ತಿದ್ದ. ಒಂದಾದರೂ ಕೆಂಪು ಬರಲಿ ಎಂದು ಅವನ ಬೆನ್ನ ಹಿಂದೆ ನಿಂತು ಕಾದೆ. ಬರಲಿಲ್ಲ. ಪಕ್ಕದ ಹಾಸಿಗೆಯ ಮುದುಕಿ, ನರ್ಸ್ ಕೊಟ್ಟ ಗುಳಿಗೆಗಳನ್ನೆಲ್ಲ ಏನೂ ಕೇಳದೆ ಒಂದೇ ಗುಟುಕಿಗೆ ನುಂಗಿದಳು.

ನೀನು ಪ್ರತಿ ಹೊಸ ಗುಳಿಗೆಗೂ ನನ್ನನ್ನು ಕೇಳುತ್ತಿದ್ದೆ: "ನನ್ನ ರಕ್ತದ ಗುಳಿಗಿ ಜೋಡಿ ಇದು ನಡೀತೈತೇನ?" ಈ ತರಬೇತಿಗೆ ನಾನು ಆಯ್ಕೆಯಾದ ದಿನ ನೀನೇ ನಕ್ಕು ಹೇಳಿದೆ: "ಈಗ ನೀ ದೊಡ್ಡಾಕಿ ಆದಿ. ಇನ್ನ ನಾ ಯಾಕ ಕೇಳ್ಲಿ?"

ಹೋದ ಚಳಿಗಾಲದಲ್ಲಿ, ರಕ್ತಸ್ರಾವ ನಿಲ್ಲದೆ ನೀನು ತೀರಿಹೋಗುವ ಹಿಂದಿನ ವಾರ, ಕೆಮ್ಮಿಗೆಂದು ನಮ್ಮ ಬೀದಿಯ ಜಿಪಿ ಡಾಕ್ಟರು ಕೊಟ್ಟ ಗುಳಿಗೆಯ ಬಗ್ಗೆ ನೀನು ಕೇಳಲೇ ಇಲ್ಲ.