ತೆಂಗಿನ ಪುಡಿ ಹೊದ್ದ ಕಡ್ಡಿ

ಕಡೂರು,
೧೪ ಆಗಸ್ಟ್ ೨೦೨೫

ಪ್ರೀತಿಯ ಅಪ್ಪಾಜಿ,

ಮಂಡಿ ನೋವು ಹೇಗಿದೆ? ಅಜ್ಜಂಪುರದ ನೀರು ಒಗ್ಗಿತೇ? ನೀವು ನನ್ನ ಫೋನ್ ಎತ್ತದ ಕಾರಣ ತಂಗಿಯ ಮಗಳು ಕೃತಿಕಾಳಿಂದಲೇ ಎಲ್ಲ ತಿಳಿಯಬೇಕಾಗಿದೆ. ಮುದ್ದೆ ಎರಡರಿಂದ ಒಂದಕ್ಕೆ ಇಳಿದಿದೆಯಂತೆ. ಹಾಗೆ ಮಾಡಬೇಡಿ.

ಫ್ಯಾಕ್ಟರಿಯಲ್ಲಿ ತೆಂಗಿನ ಪುಡಿ ಮತ್ತೆ ಬೆಳ್ಳಗೆ ಬರುತ್ತಿದೆ. ಜೂನ್‌ನಲ್ಲಿ ಅದು ಹಳದಿಯಾಗತೊಡಗಿದಾಗ, ಮೂವತ್ತು ವರ್ಷ ಡ್ರೈಯರ್ ನಡೆಸಿದ ನೀವು ನಿಮ್ಮ ಹಳೆಯ ಮುಳ್ಳಿನ ಥರ್ಮಾಮೀಟರ್ ಇಟ್ಟು ನೋಡಿ, ಲಾಗ್ ಪುಸ್ತಕದಲ್ಲಿ ತೊಂಬತ್ತೆರಡು ಡಿಗ್ರಿ ಎಂದು ಬರೆದಿರಿ. ನಾನು ಹಾಕಿಸಿದ ಹೊಸ ಸೆನ್ಸರ್ ಎಂಬತ್ತು ತೋರಿಸುತ್ತಿತ್ತು. ಅಳತೆಯ ಉಪಕರಣಗಳೆಲ್ಲ ನನ್ನ ಜವಾಬ್ದಾರಿ. ನಾನು ಪರದೆಯನ್ನು ನಂಬಿದೆ. ಆಪರೇಟರ್ ತಪ್ಪಾಗಿ ಓದಿದ್ದಾರೆಂದು ಇಂಗ್ಲಿಷಿನಲ್ಲಿ ಷರಾ ಬರೆದೆ. ನೀವೇ ಓದಿಸಿದ ಇಂಗ್ಲಿಷು. ಅದನ್ನು ನೀವು ಸ್ಟೋರಿನ ವಿಜಯ್ ಕೈಲಿ ಓದಿಸಿಕೊಂಡು, ಮಾರನೆಯ ದಿನವೇ ತಂಗಿಯ ಮನೆಗೆಂದು ಅಜ್ಜಂಪುರದ ಬಸ್ಸು ಹತ್ತಿದಿರಿ.

ಕಳೆದ ವಾರ ಡ್ರೈಯರ್ ತೊಳೆಯುವಾಗ ಹಾಲಮ್ಮ ಸೆನ್ಸರಿನ ಕಡ್ಡಿಯನ್ನು ಎಳೆದು ನನ್ನ ಕೈಗಿಟ್ಟರು. ಎಣ್ಣೆ ಹಿಡಿದ ಪುಡಿ ಬೆರಳು ದಪ್ಪಕ್ಕೆ ಮೆತ್ತಿಕೊಂಡಿತ್ತು. ‘ಕಂಬ್ಳಿ ಹೊದ್ಕಂಡ್ ಕುಂತೋನಿಗೆ ಬಿಸ್ಲು ಹೆಂಗ್ ಗೊತ್ತಾಯ್ತದೆ ಕಣಕ್ಕಾ? ನಿಮ್ಮಪ್ಪಾರು ಪುಡಿ ಅಂಗೈಲಿ ಉಜ್ಜೇ ಬಿಸಿ ಜಾಸ್ತಿ ಆಗೈತೆ ಅಂತ ಹೇಳಿದ್ರಲ್ಲ’ ಎಂದು ನಕ್ಕರು. ಕಡ್ಡಿ ಕಡಿಮೆ ತೋರಿಸಿದಷ್ಟೂ ಯಂತ್ರ ಹೆಚ್ಚು ಹಬೆ ಬಿಡುತ್ತಿತ್ತು, ಪುಡಿ ಅತಿಯಾಗಿ ಕಾದು ಹಳದಿಯಾಗುತ್ತಿತ್ತು. ಒರೆಸಿ ಹಾಕಿದೆವು, ಅಷ್ಟೇ.

ಚಿಕ್ಕವಳಿದ್ದಾಗ ಬಚ್ಚಲ ಹಂಡೆಯ ಮುಂದೆ ಕೂರಿಸಿಕೊಂಡು ನೀವು ಹೇಳುತ್ತಿದ್ದಿರಿ: ‘ನೀರು ಎಷ್ಟೈತೆ, ಎಷ್ಟು ಬಿಸಿಯಾಗೈತೆ, ಕೊಳಾಯಿಲಿ ಎಷ್ಟು ಬತ್ತೈತೆ, ಮುಚ್ಚಳ ಎಷ್ಟು ಕುಣೀತೈತೆ, ಇವು ನಾಕು ನೋಡ್ತಿರು ಕಣವ್ವಾ, ಸಾಕು.’ ಮಟ್ಟ, ಉಷ್ಣ, ಹರಿವು, ಒತ್ತಡ ಎಂದು ಕಾಲೇಜು ಆಮೇಲೆ ಕಲಿಸಿದ್ದೂ ಅದನ್ನೇ. ಆದರೂ ಆ ದಿನ ಕಡ್ಡಿಯನ್ನು ಒಮ್ಮೆ ಹೊರಗೆ ತೆಗೆದು ನೋಡಲಿಲ್ಲ ಯಾಕೆ? ಹೊಸದೆಂಬ ಭರವಸೆಯೋ, ಅಪ್ಪನ ಪರ ನಿಂತಳು ಅನ್ನಿಸಿಕೊಳ್ಳುವ ಭಯವೋ? ಎರಡೂ ಇರಬಹುದು. ನನ್ನ ಷರಾ ಹೊಡೆದುಹಾಕಿ, ‘ತೀರ್ಥಪ್ಪನವರ ಓದು ಸರಿ, ಸೆನ್ಸರ್ ತಪ್ಪು’ ಎಂದು ಈ ಸಲ ಕನ್ನಡದಲ್ಲಿ ಬರೆದು ಸಹಿ ಮಾಡಿದ್ದೇನೆ. ಮ್ಯಾನೇಜರ್ ದೇವೀರಪ್ಪನವರು ಅದನ್ನು ಎರಡು ಸಲ ಓದಿದರು.

ತಂಗಿಗೆ ನೆನಪು, ಕೃತಿಕಾಗೆ ಮುತ್ತು, ನಿಮ್ಮ ಪಾದಗಳಿಗೆ ಶರಣು.

ನಿಮ್ಮ ಮಗಳು,
ಕೋಮಲಾ

ಮರೆತಿದ್ದೆ: ಇನ್ನು ಪ್ರತಿ ಸೋಮವಾರ ಕಡ್ಡಿ ಒರೆಸಿ, ಬೇರೆ ಥರ್ಮಾಮೀಟರಿನ ಜೊತೆ ತಾಳೆ ನೋಡಬೇಕೆಂದು ನಿಯಮ ಮಾಡಿದ್ದೇವೆ. ನಂಬುವಂಥದ್ದು ಒಂದೇ ಇರುವುದು, ಅದು ನಿಮ್ಮ ಕೈಚೀಲದಲ್ಲಿ ಅಜ್ಜಂಪುರಕ್ಕೆ ಹೋಗಿದೆ. ಪೋಸ್ಟಿನಲ್ಲಿ ಕಳಿಸಬೇಡಿ, ಕುಲುಕಿದರೆ ಮುಳ್ಳು ಜಾಗ ಬಿಡುತ್ತದೆ. ನೀವೇ ತನ್ನಿ.